ಹಣ ಬಂದ ಚಿತ್ರ ನೋಡಿ ಬಂದವನು

ರೆಡಿಮೇಡ್ ಬಟ್ಟೆಯ ದೊಡ್ಡ ಅಂಗಡಿ ತೆರೆದ ಮೇಲೆ ಟೈಲರಕ್ಕನ ಬಳಿ ಹೊಲಿಸುವವರು ಅರ್ಧಕ್ಕರ್ಧ ಕಡಿಮೆಯಾದರು. ಮಧ್ಯಾಹ್ನವೆಲ್ಲ ನೊಣ ಹೊಡೆಯುತ್ತ ಕೂರಬೇಕು. ಆಗ ಅವಳ ಅತ್ತೆಗೆ ಒಂದು ಉಪಾಯ ಹೊಳೆಯಿತು.

"ಫೋನಲ್ಲಿ ಹಣ ಬರುತ್ತಲ್ಲ, ಅದರ ಚಿತ್ರ ಎಲ್ಲರಿಗೂ ಕಾಣೋ ಹಾಗೆ ಹಾಕೇ. ನಮ್ಮ ಹತ್ರ ಎಷ್ಟು ಜನ ಹೊಲಿಸ್ತಾರೆ ಅಂತ ಗೊತ್ತಾಗ್ಲಿ."

ಟೈಲರಕ್ಕ ಹಾಗೇ ಮಾಡಿದಳು. ಫೋನಿಗೆ ಹಣ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯುವಳು. ಪಕ್ಕದಲ್ಲಿ ಬಟ್ಟೆಯ ಫೋಟೋ ಇಟ್ಟು, 'ಧನ್ಯವಾದ' ಎಂದು ಬರೆದು ಅಂಗಡಿಯ ಪೇಜಿಗೂ ಸ್ಟೇಟಸ್ಸಿಗೂ ಹಾಕುವಳು. ಹಣ ಕಳಿಸಿದವರ ಪೂರ್ತಿ ಹೆಸರು, ಮೊತ್ತ, ಗಂಟೆ, ಯಾವುದಕ್ಕೆ ಎಂದು ಅವರೇ ಬರೆದ ಸಾಲು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಎರಡು ತಿಂಗಳಲ್ಲಿ ಗಿರಾಕಿಗಳು ಹೆಚ್ಚಿದ್ದೂ ನಿಜ. ಅತ್ತೆಗಂತೂ ಅದೇ ಗೀಳಾಯಿತು. ಸಂಜೆಯಾದರೆ ಸಾಕು, "ಇವತ್ತು ಎಷ್ಟು ಜನ ನೋಡಿದ್ರೇ?" ಎಂದು ಕೇಳುವರು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಮುಖ ಗಂಟು ಹಾಕಿಕೊಂಡು ಬಂದರು.

"ಏನ್ರೀ ಟೈಲರಕ್ಕ, ನಮ್ಮ ವಾಚ್‌ಮನ್ ಕೇಳ್ತಾನೆ, 'ಸಿಸ್ಟರ್, ಎರಡು ನೈಟಿ ಹೊಲಿಸಿದ್ರಂತೆ' ಅಂತ. ನನ್ನ ನೈಟಿ ಲೆಕ್ಕ ಅವನಿಗ್ಯಾಕ್ರೀ?"

ಅತ್ತೆ ಒಳಗಿನಿಂದಲೇ ಕೂಗಿದರು. "ನೈಟಿ ತಾನೇ, ನಿಧಿ ಅಲ್ಲವಲ್ಲ!"

"ನಿಧಿ ಅಲ್ಲಮ್ಮ. ಆದ್ರೆ ಯಾರು ಎಲ್ಲಿದ್ದಾರೆ, ಯಾವಾಗ ಬರ್ತಾರೆ, ಏನು ಕೊಳ್ತಾರೆ, ಎಲ್ಲಾ ಅದರಲ್ಲಿರುತ್ತೆ. ಅವರನ್ನ ಒಂದು ಮಾತು ಕೇಳದೆ ಹಾಕಬಾರದು."

"ನಮ್ಮಂಥವರನ್ನ ಯಾರು ಹುಡುಕ್ಕೊಂಡು ಬರ್ತಾರೆ ಸಿಸ್ಟರ್?" ಎಂದು ಟೈಲರಕ್ಕ ನಕ್ಕಳು. "ಬಂದ್ರೆ ಬರ್ಲಿ ಬಿಡಿ, ಒಂದು ಜೊತೆ ಬಟ್ಟೆ ಹೊಲಿಸ್ಕೊಂಡು ಹೋಗ್ತಾರೆ."

ನರ್ಸಮ್ಮನ ಚಿತ್ರವನ್ನಷ್ಟೇ ತೆಗೆದಳು. ಉಳಿದವು ಹಾಗೇ ಇದ್ದವು.

ಅದೇ ವಾರ ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವ ಹೆಂಗಸು ಮಗಳ ಯೂನಿಫಾರ್ಮ್ ಹೊಲಿಯಲು ಕೊಟ್ಟಳು. ಅವಳು ಈ ಊರಿಗೆ ಬಂದು ಐದು ತಿಂಗಳಾಗಿತ್ತು. ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಮನೆ ಸೇರಿ ಫೋನಿನಿಂದ ಹಣ ಕಳಿಸಿದಳು. ಕೆಳಗೆ ಬರೆದಿದ್ದಳು: 'ಪುಟ್ಟಿ ಯೂನಿಫಾರ್ಮ್, ಎರಡನೇ ಕ್ಲಾಸ್. ಗುರುವಾರ ಮೂರಕ್ಕೆ ಬರ್ತೀನಿ.'

ಟೈಲರಕ್ಕ ಅದನ್ನೂ ಹಾಕಿದಳು. ಪಕ್ಕದಲ್ಲಿ ಹಸಿರು ಚೌಕಳಿ ಬಟ್ಟೆಯ ಫೋಟೋ.

ಬುಧವಾರ ಅಂಗಡಿಗೆ ಫೋನ್ ಬಂತು. ಗಂಡಸಿನ ದನಿ, ಬಹಳ ಮೃದು.

"ಅಕ್ಕಾ, ನಮ್ಮ ಮಗಳ ಯೂನಿಫಾರ್ಮ್ ಆಯ್ತಾ?"

"ಓ, ಪುಟ್ಟಿ ಅಪ್ಪನಾ? ಆಗಿದೆ. ನಾಳೆ ಮೂರಕ್ಕೆ ಅವರೇ ಬರ್ತಾರಲ್ಲ."

"ನಾನೂ ಬರ್ತೀನಿ. ಅವಳಿಗೆ ಹೇಳ್ಬೇಡಿ ಅಕ್ಕಾ. ಇದ್ದಕ್ಕಿದ್ದ ಹಾಗೆ ನೋಡಿ ಖುಷಿ ಪಡ್ಲಿ."

ಎಂಥ ಒಳ್ಳೆಯ ಗಂಡ ಎಂದುಕೊಂಡಳು ಟೈಲರಕ್ಕ.

ಗುರುವಾರ ಆ ಹೆಂಗಸು ಮೂರಕ್ಕೆ ಕಾಲು ಗಂಟೆ ಮೊದಲೇ ಬಂದಳು. ನರ್ಸಮ್ಮ ಅಂಗಡಿಯಲ್ಲೇ ಇದ್ದರು. ತೋಳು ಬಿಗಿಯಾಗಿದ್ದ ಬಟ್ಟೆಯೊಂದರ ಹೊಲಿಗೆ ಬಿಚ್ಚಿಸಲು ತಂದಿದ್ದರು. ಟೈಲರಕ್ಕನಿಗೆ ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ.

"ಹೇಳ್ಬಾರ್ದು ಅಂದಿದ್ದಾರೆ. ಆದ್ರೂ ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ. ನಿಮ್ಮೆಜಮಾನ್ರು ಫೋನ್ ಮಾಡಿದ್ರು. ಇವತ್ತು ಮೂರಕ್ಕೆ ಬರ್ತಾರಂತೆ!"

ಆ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಮೊದಲು ನೋಡಿದ್ದು ಬಾಗಿಲ ಕಡೆ.

"ಅವನಿಗೆ ಹೇಗೆ ಗೊತ್ತಾಯ್ತಕ್ಕ? ನಾನು ಯಾರಿಗೂ ಹೇಳಿಲ್ಲ. ನಮ್ಮಮ್ಮನಿಗೂ ಹೇಳಿಲ್ಲ." "ನಾನು ಅವನಿಂದ ತಪ್ಪಿಸ್ಕೊಂಡು ಬಂದವಳು. ಹೋದ ವರ್ಷ ಕೈ ಮುರಿದ. ಮತ್ತೆ ಸಿಕ್ಕಿದ್ರೆ ಮಗೂನ ಎತ್ಕೊಂಡು ಹೋಗ್ತೀನಿ, ನೀನು ಹುಡುಕ್ತಾ ಸಾಯಿ ಅಂದಿದ್ದಾನೆ."

ನರ್ಸಮ್ಮ ಗಡಿಯಾರ ನೋಡಿದರು.

"ಹಿಂದಿನ ಬಾಗಿಲು ತೆಗೀರಿ. ಸ್ಕೂಲಿಗೆ ಹೋಗಿ ಮಗೂನ ಈಗಲೇ ಕರ್ಕೊಂಡು ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀವಿ. ದಾರೀಲೇ ಪೊಲೀಸರಿಗೆ ಫೋನ್ ಮಾಡ್ತೀನಿ. ಟೈಲರಕ್ಕ, ಅವನು ಬಂದ್ರೆ ಇಲ್ಲೇ ಕೂರಿಸ್ಕೊಳ್ಳಿ. ಸ್ಕೂಲಿನ ಹೆಸರು ಮಾತ್ರ ಬಾಯಿಬಿಡ್ಬೇಡಿ. ಮಗು ಕೈಗೆ ಸಿಕ್ಕಿದ ತಕ್ಷಣ ಮೆಸೇಜ್ ಹಾಕ್ತೀನಿ."

ಇಬ್ಬರೂ ಹೋದರು. ಶಾಲೆ ಇಪ್ಪತ್ತು ನಿಮಿಷದ ದಾರಿ.

ಟೈಲರಕ್ಕ ಮೆಷಿನ್ ಮುಂದೆ ಕೂತಳು. ಆಗ ಕಂಡಿತು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಸ್ತ್ರಿ ಮಾಡಿಟ್ಟಿದ್ದ ಯೂನಿಫಾರ್ಮ್. ಎದೆಯ ಮೇಲೆ ಶಾಲೆಯ ಹೆಸರಿನ ಬ್ಯಾಡ್ಜ್ ಹೊಲಿದಿತ್ತು. ಅದನ್ನು ಎಳೆದು ಮಡಿಲಿಗೆ ಹಾಕಿಕೊಳ್ಳುವುದಕ್ಕೂ ಬಾಗಿಲಲ್ಲಿ ನೆರಳು ಬೀಳುವುದಕ್ಕೂ ಸರಿಹೋಯಿತು.

ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಒಂದು ಹೊಸ ಗೊಂಬೆ. ನಗುತ್ತ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

"ಬಂದಿಲ್ವಾ ಅಕ್ಕಾ ಇನ್ನೂ?"

"ಬರ್ತಾರೆ, ಕೂತ್ಕೊಳ್ಳಿ." ಅವಳು ಬ್ಯಾಡ್ಜನ್ನು ಒಳಕ್ಕೆ ಮಡಚಿ, ಮುಗಿದ ಹೊಲಿಗೆಯ ಮೇಲೇ ಮತ್ತೆ ಹೊಲಿಯತೊಡಗಿದಳು. ಪೆಡಲ್ ಹಿಂದಕ್ಕೆ ತಿರುಗಿತು. ದಾರ ತುಂಡಾಯಿತು. ಪೋಣಿಸಿದಳು. ಮತ್ತೆ ತುಂಡಾಯಿತು.

ಅವನು ಫೋನ್ ತೆಗೆದು ಅವಳ ಕಣ್ಣ ಮುಂದೆ ಹಿಡಿದ. "ಇದು ನೀವು ಹಾಕಿದ್ದೇ ಅಲ್ವಾ?"

ಅವಳದೇ ಅಂಗಡಿಯ ಪೇಜು. ಅವಳೇ ಬರೆದ 'ಧನ್ಯವಾದ'. ಆ ಹೆಂಗಸಿನ ಹೆಸರು, ಪುಟ್ಟಿಯ ಕ್ಲಾಸು, ಗುರುವಾರ, ಮೂರು ಗಂಟೆ.

"ನಿಮಗೆ ದಾರ ತಂದ್ಕೊಡ್ತಾನಲ್ಲ ಏಜೆಂಟು, ಅವನು ನಮ್ಮೂರವನೇ. 'ನಿಮ್ಮ ಮನೆಯವರು ಇಲ್ಲಿದ್ದಾರಲ್ಲ' ಅಂತ ಕಳಿಸ್ದ. ಪಾಪ, ಒಳ್ಳೇ ಮನಸ್ಸು. ಐದು ತಿಂಗಳು ಹುಡುಕಿದೀನಿ ಅಕ್ಕಾ. ನಿಮ್ಮಿಂದ ಸಿಕ್ಕಿದ್ಲು."

ಅವನು ಚಿತ್ರವನ್ನು ಬೆರಳಿಂದ ಹಿಗ್ಗಿಸಿದ.

"ಈ ಹಸಿರು ಚೌಕಳಿ ಯಾವ ಸ್ಕೂಲಿಂದು?"

ಅಷ್ಟರಲ್ಲಿ ಅತ್ತೆ ನೀರಿನ ಲೋಟ ಹಿಡಿದು ಬಂದರು. ಅವರು ಒಳಗೆ ಮಲಗಿದ್ದವರು, ನಡೆದದ್ದೊಂದೂ ಗೊತ್ತಿಲ್ಲ. "ಹಸಿರು ಚೌಕಳಿನಾ? ಅಯ್ಯೋ, ಅದು ನಮ್ಮ..."

"ಅತ್ತೇ! ಹಾಲು ಉಕ್ತಿದೆ!"

"ಹಾಲೇ ಇಟ್ಟಿಲ್ವಲ್ಲೇ."

ಅತ್ತೆ ಸೊಸೆಯ ಮುಖ ನೋಡಿದರು. ಹದಿನೆಂಟು ವರ್ಷದಲ್ಲಿ ಆ ಮುಖವನ್ನು ಹಾಗೆ ಕಂಡಿರಲಿಲ್ಲ. ಲೋಟವನ್ನು ಮೆಲ್ಲಗೆ ಅವನ ಕೈಗೆ ಕೊಟ್ಟರು.

"ನನಗೆ ಕಣ್ಣು ಮಂಜಪ್ಪಾ. ಹಸಿರೋ ನೀಲಿಯೋ, ಎಲ್ಲಾ ಒಂದೇ. ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ. ನಿಮ್ಮ ಕಡೆ ಮಳೆ ಹೇಗಪ್ಪಾ?"

ಅತ್ತೆ ಮಳೆ ಕೇಳಿದರು, ದಾರಿ ಕೇಳಿದರು, ಬಸ್ಸು ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಕೇಳಿದರು. ಅವನ ನಗು ಸ್ವಲ್ಪಸ್ವಲ್ಪವೇ ಕರಗುತ್ತ ಹೋಯಿತು. ಮೂರೂ ಕಾಲಿಗೆ ಟೈಲರಕ್ಕನ ಫೋನ್ ಒಮ್ಮೆ ಮಿನುಗಿತು. 'ಸಿಕ್ಕಳು. ಸ್ಟೇಷನ್ನಲ್ಲಿದ್ದೀವಿ.'

ಅವನು ಅದನ್ನು ಓದಲಿಲ್ಲ; ಅವಳು ಉಸಿರು ಬಿಟ್ಟದ್ದನ್ನು ಮಾತ್ರ ಕಂಡ. ಅಷ್ಟೇ ಸಾಕಾಯಿತು. ಎದ್ದು ನಿಂತು ಗೊಂಬೆಯನ್ನು ಮೆಷಿನ್ ಮೇಲೆ ಇಟ್ಟ.

"ಕೊಟ್ಬಿಡಿ ಅವಳಿಗೆ. ಊರು ಗೊತ್ತಾಯ್ತಲ್ಲ. ಚಿಕ್ಕ ಊರು."

ಅವನು ಹೋದ ಕೂಡಲೇ ಅತ್ತೆ ಬಾಗಿಲಿಗೆ ಚಿಲಕ ಹಾಕಿದರು. ಪೊಲೀಸರು ಬಂದು ತಟ್ಟುವವರೆಗೂ ತೆಗೆಯಲಿಲ್ಲ.

ಪೊಲೀಸರು ದೂರು ಬರೆದುಕೊಂಡರು, ಅವನನ್ನು ಕರೆಸಿ ಎಚ್ಚರಿಕೆ ಕೊಟ್ಟರು. ಆದರೂ ತಾಯಿ ಮಗಳಿಗೆ ಇಲ್ಲಿ ನಿಲ್ಲುವ ಧೈರ್ಯ ಉಳಿಯಲಿಲ್ಲ. ಬೇಕರಿಯ ಕೆಲಸ, ಬಾಡಿಗೆಯ ಕೋಣೆ, ಪುಟ್ಟಿ ಆಗಷ್ಟೇ ಗೆಳತಿಯರನ್ನು ಮಾಡಿಕೊಂಡಿದ್ದ ಶಾಲೆ, ಎಲ್ಲವನ್ನೂ ಬಿಟ್ಟು ಎರಡು ಚೀಲ ಹಿಡಿದು ಹೊರಟುಹೋದರು.

ಟೈಲರಕ್ಕ ಎರಡು ತಿಂಗಳ ಚಿತ್ರಗಳನ್ನು ಒಂದೊಂದಾಗಿ ಅಳಿಸಿದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು.

"ಅವನ ಫೋನಲ್ಲಿರೋದನ್ನ ಹೇಗೆ ಅಳಿಸ್ತೀಯೇ?"

ಸೊಸೆ ಮುಂದಿನ ಚಿತ್ರ ಅಳಿಸಿದಳು.

"ನಾನೇ ಹಾಕು ಅಂದಿದ್ದು," ಎಂದರು ಅತ್ತೆ. ಈಗ ಅಂಗಡಿಗೆ ಬಂದವರಿಗೆಲ್ಲ ಅವರೇ ಮೊದಲು ಹೇಳುತ್ತಾರೆ: "ನಮ್ಮಲ್ಲಿ ಯಾರ ಹಣದ ಚಿತ್ರವನ್ನೂ ಯಾರಿಗೂ ತೋರ್ಸಲ್ಲ. ಫೋನ್ ಮಾಡಿ ಕೇಳಿದ್ರೂ ಯಾರು ಯಾವಾಗ ಬರ್ತಾರೆ ಅಂತ ಹೇಳಲ್ಲ."

ಮುಂದಿನ ತಿಂಗಳು ನರ್ಸಮ್ಮ ಬಂದು ಹೇಳಿದರು, "ತಾಯಿ ಮಗಳು ಒಂದು ಕಡೆ ಸೇರಿದ್ದಾರೆ. ಮಗು ಸ್ಕೂಲಿಗೆ ಹೋಗ್ತಿದೆ."

"ಎಲ್ಲಿ..." ಎಂದ ಟೈಲರಕ್ಕ ಅಲ್ಲಿಗೇ ನಿಲ್ಲಿಸಿದಳು. "ಬೇಡ ಸಿಸ್ಟರ್. ನನಗೂ ಹೇಳ್ಬೇಡಿ."

ಓದುತ್ತಿರುವ ಅಕ್ಕ, ಅಣ್ಣ, ಒಮ್ಮೆ ನಿಮ್ಮ ಫೋನ್ ತೆಗೆದು ನೋಡಿ. ಬೇರೆಯವರ ಹೆಸರಿರುವ ಪಾವತಿಯ ಚಿತ್ರ ನಿಮ್ಮ ಸ್ಟೇಟಸ್‌ನಲ್ಲಿ, ಗುಂಪಿನಲ್ಲಿ, ಅಂಗಡಿಯ ಪೇಜಿನಲ್ಲಿ ಇದ್ದರೆ ಇವತ್ತೇ ತೆಗೆದುಬಿಡಿ. ಹಾಕಲೇಬೇಕಿದ್ದರೆ ಅವರನ್ನು ಕೇಳಿ. ಒಪ್ಪಿದರೂ ಹೆಸರು, ನಂಬರು, ಬರೆದ ಸಾಲು ಕಾಣದಂತೆ ಮುಚ್ಚಿ. ಕೆಲವು ಆ್ಯಪ್‌ಗಳಲ್ಲಿ ನೀವು ಯಾರಿಗೆ ಹಣ ಕೊಟ್ಟಿರಿ ಎಂಬುದು ನಿಮ್ಮ ಪರಿಚಿತರಿಗೆ ತಾನಾಗಿಯೇ ಕಾಣುತ್ತದೆ. ಸೆಟ್ಟಿಂಗ್‌ಗೆ ಹೋಗಿ ಅದನ್ನು 'ನನಗೆ ಮಾತ್ರ' ಎಂದು ಬದಲಿಸಿ. ಗೊತ್ತಾಗದಿದ್ದರೆ ತಿಳಿದವರ ಕೈಯಲ್ಲಿ ಮಾಡಿಸಿ. ಹಣ ಕಳಿಸುವಾಗ ಮಗುವಿನ ಹೆಸರು, ಶಾಲೆ, ಬರುವ ಹೊತ್ತು ಬರೆಯಬೇಡಿ. ಯಾರಾದರೂ ನಿಮ್ಮನ್ನು ಹಿಂಬಾಲಿಸುತ್ತಿದ್ದರೆ ಒಬ್ಬರೇ ಹೆದರಿ ಕೂರಬೇಡಿ. ಪೊಲೀಸರಿಗೋ ಮಹಿಳಾ ಸಹಾಯವಾಣಿಗೋ ಕೂಡಲೇ ತಿಳಿಸಿ.

ನಿಮ್ಮ ಅಂಗಡಿಗೆ ಬಂದವರು ಯಾರಿಗೆ ಹೆದರಿ ಬದುಕುತ್ತಿದ್ದಾರೆ ಎಂಬುದು ನಿಮಗೆ ಗೊತ್ತಿರುವುದಿಲ್ಲ. ಅವರು ಅದನ್ನು ಹೇಳುವುದೂ ಇಲ್ಲ. ನೀವು ಕೇಳದೆ ಏನನ್ನೂ ಹಾಕಬೇಡಿ.