ನಾಲ್ಕು ಬೆರಳು ಎತ್ತರ

ಜೀಪು ಎಷ್ಟು ಎತ್ತರ ಇರಬೇಕು ಎಂದು ದಾಂಡೇಲಿಯ ಯಾವ ಚಹಾದಂಗಡಿಯಲ್ಲಾದರೂ ಕೇಳಿ ನೋಡಿ, ಚಹಾ ಕುಡಿಯುವವರೆಲ್ಲ ಇಂಜಿನಿಯರರಾಗಿಬಿಡುತ್ತಾರೆ. ಜೀಪು ಇಲ್ಲದವರ ದನಿಯೇ ದೊಡ್ಡದು. ತೇರಗಾಂವದ ದುಂಡೇಶನೋ, ಪಾಪ, ಎಲ್ಲರ ಮಾತನ್ನೂ ಕಿವಿಗೆ ಹಾಕಿಕೊಳ್ಳುವ ಆಸಾಮಿ. ಅದಕ್ಕೇ ಆ ಮಳೆಗಾಲ ಪೂರ್ತಿ ಅವನ ತಲೆ ಚಿಟ್ಟು ಹಿಡಿದು ಹೋಗಿತ್ತು.

ಅವನದು ಹಳೆಯದಾದರೂ ಗಟ್ಟಿ ಜೀಪು. ವಾರದ ಕೊನೆಗೆ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬರುವ ಪ್ರವಾಸಿಗರನ್ನು ದಾಂಡೇಲಿಯಲ್ಲಿ ಹತ್ತಿಸಿಕೊಂಡು, ಜೋಯಿಡಾ ಕಡೆಯ ಕಲ್ಲುದಾರಿಯಲ್ಲಿ ಎತ್ತಿ ಕುಕ್ಕಿ, ಅವರು ಕಿರುಚುವಷ್ಟು ಕಿರುಚಿದ ಮೇಲೆ ತಿರುಗಿ ತಂದು ಬಿಡುವುದು ಅವನ ಕೆಲಸ. ಕೈಯಿಂದ ದುಡ್ಡು ಕೊಟ್ಟು ಬೆನ್ನು ನೋಯಿಸಿಕೊಳ್ಳುವ ಜನ ಇರುವ ತನಕ ಒಳ್ಳೆಯ ಕಸುಬೇ ಅದು. ಆದರೆ ಆ ದಾರಿಯಲ್ಲೊಂದು ಹಳ್ಳ. ಹಳ್ಳದ ಆಚೆ ದಡದಲ್ಲಿ ಎಮ್ಮೆ ಮಲಗಿದ ಹಾಗೆ ಒಂದು ಬಂಡೆ. ಬೇರೆಯವರ ಜೀಪುಗಳು ಅದರ ಮೇಲೆ ಆರಾಮಾಗಿ ಹಾದು ಹೋಗುತ್ತಿದ್ದವು. ದುಂಡೇಶನದು ಮಾತ್ರ ಹೊಟ್ಟೆ ತಗುಲಿಸಿಕೊಂಡು ಕರಕರ ಅನ್ನುತ್ತಿತ್ತು. ಅವನ ಪ್ರವಾಸಿಗರು ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ನಡೆದು ದಾಟಬೇಕಾಗಿತ್ತು.

"ದುಂಡ್ಯಾ, ನಿನ್ನ ಜೀಪಿಗೆ ದಿನ ತುಂಬ್ಯಾವೇನೊ, ಹೊಟ್ಟಿ ನೆಲಕ್ಕ ಹತ್ತಾಕತ್ತೇತಲ್ಲ" ಎಂದು ಉಳಿದ ಡ್ರೈವರುಗಳು ಚುಡಾಯಿಸುವರು. ದುಂಡೇಶ ನಕ್ಕು ಸುಮ್ಮನಾಗುವನು. ನಗುವುದೇನೋ ಹೌದು, ಒಳಗೆ ಉರಿಯುತ್ತಿತ್ತು.

ಮದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಚಕ್ರದ ಮೇಲೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ಗ್ಯಾರೇಜಿನವರು ಪಾಟಾ ಅನ್ನುತ್ತಾರೆ. ಹಳೆಯ ಪಾಟಾ ಬಿಚ್ಚಿ, ಹೆಚ್ಚು ಬಾಗಿದ ಹೊಸ ಪಾಟಾ ಕೂರಿಸಿ, ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿದರೆ ಜೀಪು ನಾಲ್ಕು ಬೆರಳು ಮೇಲೇಳುತ್ತದೆ. ಇದಕ್ಕೆ ಎಲ್ಲರ ಬಾಯಲ್ಲಿ ಒಂದೇ ಹೆಸರು, ಲಿಫ್ಟ್ ಹಾಕಿಸುವುದು. ದಾಂಡೇಲಿಯ ಗ್ಯಾರೇಜಿನ ಯೂಸುಫ ಎಷ್ಟೋ ಜೀಪುಗಳಿಗೆ ಹಾಕಿಕೊಟ್ಟಿದ್ದ.

ಹಾಗಾದರೆ ಅಡ್ಡಿ ಏನು? ಅಡ್ಡಿಯ ಹೆಸರು ಮುದಕವ್ವ.

ಮುದಕವ್ವ ದುಂಡೇಶನ ಸೋದರತ್ತೆ. ತಾಯಿ ಇಲ್ಲದ ಅವನನ್ನು ಬಗಲಲ್ಲಿಟ್ಟುಕೊಂಡು ಸಾಕಿದವಳು. ಒಂದು ಕಾಲದಲ್ಲಿ ಊರಿನ ಯಾವ ಗಾಡಿ ಹೊರಟರೂ ಅದರಲ್ಲಿ ಅವಳಿಗೊಂದು ಜಾಗ ಇರಲೇಬೇಕಿತ್ತು. ಮುಂಡಗೋಡ ಹತ್ತಿರದ ಪಾಳಾದಲ್ಲಿ ತಂಗಿ ಶಾಂತಾದೇವಿ ಇದ್ದಾಳೆ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರದಿದ್ದರೆ ಮುದಕವ್ವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಆದರೆ ಮೊಣಕಾಲು ಕೈಕೊಟ್ಟವು. ಹಳಿಯಾಳ ಬಸ್ ಸ್ಟ್ಯಾಂಡಿನ ಎದುರು ಜೀಪು ಹತ್ತಲಾಗದೆ ಒದ್ದಾಡುತ್ತಿದ್ದಾಗ ಯಾರೋ ಇಬ್ಬರು ಹಿಂದಿನಿಂದ ನೂಕಿ ಹತ್ತಿಸಿದರು, ನೋಡುತ್ತ ನಿಂತ ಹುಡುಗರು ಕಿಸಕ್ಕನೆ ನಕ್ಕರು. ಅಂದೇ ಕೊನೆ. ಮುದಕವ್ವ ಮತ್ತೆ ಜೀಪಿನ ಕಡೆ ತಿರುಗಿ ನೋಡಲಿಲ್ಲ. ತಂಗಿಯೊಡನೆ ಈಗ ವಿಡಿಯೋ ಕಾಲು ಮಾತ್ರ. ಶಾಂತಾದೇವಿಯೋ, ಫೋನನ್ನು ಕಿವಿಗೆ ಒತ್ತಿ ಹಿಡಿದೇ ಮಾತಾಡುವವಳು. "ವರ್ಷ ಆತು, ತಂಗಿ ಮಾರಿ ಕಂಡಿಲ್ಲ. ಕಿವಿ ನೋಡಿ ನೋಡಿ ಸಾಕಾಗೇತಿ" ಎಂದು ಮುದಕವ್ವ ಗೊಣಗುವಳು.

ಈಗಿರುವ ಎತ್ತರಕ್ಕೇ ಹತ್ತಲಾಗದವಳು ಇನ್ನೂ ನಾಲ್ಕು ಬೆರಳು ಎತ್ತಿದರೆ ಹತ್ತುವುದುಂಟೇ? ಎಂದಾದರೊಂದು ದಿನ ಅವಳ ಮನಸ್ಸು ಕರಗಿ, ಮೊಣಕಾಲೂ ಕರಗಿ, ಪಾಳಾಕ್ಕೆ ಕರೆದುಕೊಂಡು ಹೋಗಬಹುದು ಎಂಬ ಆಸೆ ದುಂಡೇಶನಿಗಿತ್ತು. ಲಿಫ್ಟ್ ಹಾಕಿಸಿದ ದಿನ ಆ ಆಸೆಗೆ ಎಳ್ಳುನೀರು ಬಿಟ್ಟ ಹಾಗೆ.

ಹೀಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಅವನು ತೂಗಾಡುತ್ತಿರುವಾಗ, ಹೆಂಡತಿ ಸುವರ್ಣಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ತವರಿನವರ ಜೊತೆ ಫೋನಿನಲ್ಲಿ, "ಜೀಪಿಗೆ ಲಿಫ್ಟ್ ಹಾಕ್ಸೂದ ವಿಚಾರ ನಡಸ್ಯಾರ" ಅಂದಳು. ಅಂದದ್ದು ಅಷ್ಟೇ. ಒಳಗಿದ್ದ ಮುದಕವ್ವನ ಕಿವಿಗೆ ಬಿತ್ತು.

ಮುದಕವ್ವನಿಗೆ ಲಿಫ್ಟ್ ಗೊತ್ತಿರಲಿಲ್ಲ ಅನ್ನಬೇಡಿ. ಕಣ್ಣಿನ ಪೊರೆ ತೆಗೆಸಲು ಧಾರವಾಡದ ದವಾಖಾನೆಗೆ ಹೋದಾಗ ಮೂರನೆಯ ಮಹಡಿಗೆ ಲಿಫ್ಟಿನಲ್ಲೇ ಹೋಗಿದ್ದಳು. ಪೆಟ್ಟಿಗೆಯೊಳಗೆ ನಿಂತರೆ ಸಾಕು, ಅದೇ ಎತ್ತಿಕೊಂಡು ಹೋಗಿ ಬಿಡುತ್ತದೆ. ಈಗ ದುಂಡೇಶ ಅಂಥದೊಂದನ್ನು ಜೀಪಿಗೆ ಹಾಕಿಸುತ್ತಾನೆ ಅಂದರೆ ಯಾರಿಗೋಸ್ಕರ? ಆ ಮನೆಯಲ್ಲಿ ಮೊಣಕಾಲು ನೋವು ಇರುವುದು ಒಬ್ಬಳಿಗೇ.

ಸಂಜೆ ದುಂಡೇಶ ಊರಿಗೆ ಬರುವಷ್ಟರಲ್ಲಿ ಓಣಿಗೆಲ್ಲ ಸುದ್ದಿ ಹಬ್ಬಿತ್ತು. "ಅತ್ತಿ ಸಲುವಾಗಿ ಲಿಫ್ಟ ಹಾಕಸ್ತೀಯಂತಲ್ಲೊ, ಪುಣ್ಯಾ ಬರ್ಲಿ ನಿಂಗ" ಎಂದು ಅಂಗಡಿಯ ಈಶಪ್ಪ ಕೂಗಿ ಹೇಳಿದ. ದುಂಡೇಶನಿಗೆ ತಲೆಬುಡ ತಿಳಿಯಲಿಲ್ಲ. ಮನೆ ಹೊಕ್ಕರೆ ಮುದಕವ್ವ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಆರಿಸಿ ಮಡಿಚಿಟ್ಟಿದ್ದಾಳೆ. ಅವನ ತಲೆಯ ಮೇಲೆ ಕೈಯಾಡಿಸಿದಳು.

"ಹೊಟ್ಟ್ಯಾಗ ಹುಟ್ಟಿದಾಂವ ಮಾಡೂದಿಲ್ಲಪಾ ಇಷ್ಟು. ಶಾಂತಾಗೂ ಫೋನ್ ಮಾಡಿ ಹೇಳೇನಿ, ಲಿಫ್ಟ್ ಕುಂದ್ರಿಸಿದ ಕೂಡ್ಲೆ ಬರ್ತೇನಿ ಅಂತ. ಅದಕ್ಕ ಕರೆಂಟ್ ಬೇಕಾಗತೈತೇನು, ಬ್ಯಾಟರಿ ಮ್ಯಾಲ ನಡೀತೈತೇನು?"

ದುಂಡೇಶನ ಬಾಯೊಳಗೆ ಬಿಸಿತುಪ್ಪ. "ಬ್ಯಾಟರಿ" ಅಂದುಬಿಟ್ಟ. ಹೇಳಿದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಮರುದಿನ ಅವನು ಯೂಸುಫನ ಗ್ಯಾರೇಜಿಗೆ ಹೋಗಿ ಎಲ್ಲ ಹೇಳಿಕೊಂಡ. ಯೂಸುಫ ಜೀಪಿನಡಿ ಮಲಗಿದ್ದವನು ಅಲ್ಲೇ ನಗಲು ಶುರುಮಾಡಿದ. ಕಾಲುಗಳು ಮಾತ್ರ ಹೊರಗೆ ಕುಣಿಯುತ್ತಿದ್ದವು. ನಗು ಮುಗಿದ ಮೇಲೆ ಎದ್ದು ಬಂದು ಕೈ ಒರೆಸಿಕೊಂಡ.

"ಒಂದ ಮಾತು ಕೇಳ್ತೇನಿ ಭಾಯಿ. ಈಗ ನಿಮ್ಮ ಅತ್ತಿ ಜೀಪ್ ಹತ್ತತಾರೇನು?"

"ಇಲ್ಲ."

"ಎತ್ತರ ಮಾಡಿದ ಮ್ಯಾಲ?"

"ಆಗೂ ಇಲ್ಲ."

"ಮತ್ತ ಹೋಗೂದೇನೈತಿ ನಿಂದು? ಆರಾಮ ಹಾಕ್ಸು. ತಿರುವಿನ್ಯಾಗ ಒಂಚೂರು ಸಾವಕಾಶ ಹೊಡೀಬೇಕು, ಅಷ್ಟ."

ಲೆಕ್ಕ ಸರಿಯೇ. ಆದರೆ ಇಂಥ ವಿಷಯದಲ್ಲಿ ಲೆಕ್ಕ ಸರಿ ಇದ್ದಷ್ಟೂ ಸಂಕಟ ಹೆಚ್ಚು. "ಈಗ ಹತ್ತವಲ್ಲಳು, ಖರೆ. ಎತ್ತರ ಮಾಡಿದ್ರ ಹತ್ತಬ್ಯಾಡ ಅಂತ ನಾನ ಹೇಳಿದಂಗ ಆಗತೈತಿ" ಅಂದ ದುಂಡೇಶ. ಯೂಸುಫ ಮತ್ತೆ ನಗಲಿಲ್ಲ. ಅವನಿಗೂ ಮನೆಯಲ್ಲಿ ತಾಯಿ ಇದ್ದಳು. "ಹಂಗಾರ ಮೊದಲ ಅವರಿಗೆ ಖರೇನ ಹೇಳು" ಅಂದ.

ಅದರ ಮರುದಿನ ಬೆಳಿಗ್ಗೆ ಮುದಕವ್ವ ಮನೆಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ದುಂಡೇಶ ಪಕ್ಕದಲ್ಲಿ ಕೂತ. ಕೂತು ಬಹಳ ಹೊತ್ತು ಕಾಳಿನಲ್ಲಿ ಇಲ್ಲದ ಕಲ್ಲು ಹುಡುಕಿದ.

"ಅತ್ತಿ, ಆ ಲಿಫ್ಟು ದವಾಖಾನಿ ಲಿಫ್ಟ್ ಅಲ್ಲ."

"ಮತ್ತ?"

"ಜೀಪನ್ನ ಎತ್ತರ ಮಾಡೂದು. ಬಂಡಿಗಲ್ಲಿಗೆ ಹೊಟ್ಟಿ ತಾಗಬಾರದಂತ. ನಿನಗ ಹತ್ತಾಕ ಇನ್ನೂ ತ್ರಾಸಾಗತೈತಿ. ಅದಕ್ಕ ಬ್ಯಾಡಂತ ಬಿಟ್ಟೇನಿ. ಬ್ಯಾಟರಿ ಅಂದದ್ದು ಸುಳ್ಳು."

ಮುದಕವ್ವನ ಕೈಯಲ್ಲಿ ಮೊರ ನಿಂತಿತು. ಅವಳಿಗೆ ದುಃಖವಾಯಿತು; ಅದನ್ನು ಸೆರಗಿನಲ್ಲಿ ಬಚ್ಚಿಡುವ ಹೆಂಗಸಲ್ಲ ಅವಳು. ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಅಂಗೈಯಿಂದ ಒರೆಸಿ ಬೈಯತೊಡಗಿದಳು. "ಊರಿಗೆಲ್ಲ ಹೇಳಿ ಕುಂತೇನಲ್ಲೊ ಮೂಳಾ. ಶಾಂತಾ ಹೋಳಿಗಿ ಮಾಡತೇನಿ ಅಂದಾಳ. ಆಕಿ ಮಾರಿ ನೋಡ್ತೇನಿ ಅಂತ ರಾತ್ರಿ ನಿದ್ದಿ ಹತ್ತಿಲ್ಲ ನನಗ."

ದುಂಡೇಶ ತಲೆ ತಗ್ಗಿಸಿದ.

ಮುದಕವ್ವ ಮೂಗು ಸೀಟಿ, ಅಂಗಳದಲ್ಲಿ ನಿಂತ ಜೀಪನ್ನು ಓರೆಗಣ್ಣಿನಿಂದ ನೋಡಿದಳು. ಕಟ್ಟೆಯನ್ನು ನೋಡಿದಳು. ಮತ್ತೆ ಜೀಪನ್ನು ನೋಡಿದಳು.

"ಎತ್ತರ ಅಂದ್ರ ಎಷ್ಟ ಎತ್ತರ?"

"ನಾಕ ಬೆರಳು."

"ಅದನ್ನ ಹಿಂದ ಮಾಡಿ ಈ ಕಟ್ಟಿಗೆ ಹಚ್ಚು."

"ಯಾಕ?"

"ಹಚ್ಚಂದ್ರ ಹಚ್ಚಬೇಕು. ಚಕ್ಕಡಿಗೆ ಭತ್ತದ ಚೀಲ ಹೆಂಗ ಹೇರ್ತಿದ್ವಿ ನಾವು? ತಲಿ ಮ್ಯಾಲ ಹೊತ್ತು ಹತ್ತತಿದ್ವೇನು? ಚಕ್ಕಡಿ ಕಟ್ಟಿಗೆ ಹಚ್ಚೂದು, ಚೀಲ ಜಾರ್ಸೂದು. ನೀ ನನ್ನ ಗಾಲಿ ಪಕ್ಕ ನಿಲ್ಲಿಸಿ ಹತ್ತು ಹತ್ತು ಅಂತಿದ್ದಿ. ನಾ ಏನು ಮಂಗ್ಯಾನೇನು?"

ದುಂಡೇಶ ಜೀಪು ತಿರುಗಿಸಿ ಹಿಂದೆ ಹಿಂದೆ ತಂದು ಕಟ್ಟೆಗೆ ಹಚ್ಚಿದ. ಹಿಂದಿನ ಬಾಗಿಲು ಕೆಳಕ್ಕೆ ಬೀಳುವ ಹಲಗೆಯಂಥದು. ಕೊಂಡಿ ಬಿಚ್ಚಿ ಬಿಟ್ಟರೆ ಅದು ಕಟ್ಟೆಯ ಕಲ್ಲಿನಂಚಿಗೆ ಧಡ್ ಎಂದು ಬಡಿದು ಅರ್ಧಕ್ಕೇ ನಿಂತಿತು. ಕಟ್ಟೆ ಎತ್ತರ, ಜೀಪು ತಗ್ಗು. ಮುದಕವ್ವ ಕೂತಲ್ಲಿಂದಲೇ ಜರುಗಿ ಬಂದು, ಜೀಪಿನ ನೆಲಕ್ಕೂ ಕಟ್ಟೆಯ ಮಟ್ಟಕ್ಕೂ ಇದ್ದ ಅಂತರದಲ್ಲಿ ಅಡ್ಡಲಾಗಿ ಬೆರಳಿಟ್ಟು ಅಳೆದಳು. ಒಂದು, ಎರಡು, ಮೂರು, ನಾಲ್ಕು. ಕಿರುಬೆರಳು ಸರಿಯಾಗಿ ಕೂತಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಯೂಸುಫಗ ಫೋನ್ ಹಚ್ಚು" ಅಂದಳು ಮುದಕವ್ವ. "ಮೂರ ಬೆರಳ ಎತ್ತಿ ಕೈ ಬಿಟ್ಟಾನು ಮತ್ತ, ನಾಕು ಅಂತ ಹೇಳು."

ಯೂಸುಫ ಹೊಸ ಪಾಟಾ ಕೂರಿಸಿದ. ಹೊಸ ಪಾಟಾ ಮೊದಮೊದಲು ಸೆಟೆದುಕೊಂಡಿರುತ್ತದೆ, ಭಾರ ಬಿದ್ದಂತೆ ತುಸು ಇಳಿಯುತ್ತದೆ ಎಂದು ಅದಕ್ಕೂ ಲೆಕ್ಕ ಹಿಡಿದು ಒಂದು ಕೂದಲೆಳೆ ಹೆಚ್ಚೇ ಎತ್ತಿದ. ಕಾಗದಪತ್ರದ ಕೆಲಸವನ್ನೂ ಮುಗಿಸಿಕೊಂಡು ದುಂಡೇಶ ಜೀಪನ್ನು ಮೊದಲು ಓಡಿಸಿದ್ದು ಹಳ್ಳದ ಬಂಡೆಗೆ. ಹೊಟ್ಟೆ ತಾಗಲಿಲ್ಲ. ಸಪ್ಪಳವೇ ಇಲ್ಲದೆ ಆಚೆ ದಾಟಿದಾಗ ಅವನಿಗೆ ಎಷ್ಟು ಖುಷಿಯಾಯಿತೆಂದರೆ, ತಿರುಗಿಸಿ ಇನ್ನೊಮ್ಮೆ ದಾಟಿದ. ಚುಡಾಯಿಸುವವರು ಯಾರೂ ಅಂದು ಅಲ್ಲಿರಲಿಲ್ಲ ಎಂಬುದೊಂದೇ ಕೊರತೆ.

ಶನಿವಾರ ಬೆಳಿಗ್ಗೆ ತೇರಗಾಂವದ ಓಣಿಯವರೆಲ್ಲ ಲಿಫ್ಟ್ ನೋಡಲು ನೆರೆದರು. ದುಂಡೇಶ ಜೀಪನ್ನು ಕಟ್ಟೆಗೆ ಹಚ್ಚಿ ಹಲಗೆ ಬಿಟ್ಟ. ಅದು ಕಟ್ಟೆಯ ಮೇಲೆ ಸಮನಾಗಿ ಮಲಗಿತು. ಮುದಕವ್ವ ಇಳಕಲ್ ಸೀರೆಯ ಸೆರಗು ಹೊದ್ದು, ಸುವರ್ಣಾಳ ಹೆಗಲ ಮೇಲೊಂದು ಕೈಯಿಟ್ಟು, ಪಡಸಾಲೆಯಿಂದ ಅಡುಗೆಮನೆಗೆ ಹೋಗುವವಳ ಹಾಗೆ ನಡೆದು ಜೀಪಿನೊಳಗೆ ಹೋಗಿ ಕೂತಳು. "ಲಿಫ್ಟ್ ಎಲ್ಲೈತಿ?" ಎಂದು ಈಶಪ್ಪ ಕೇಳಿದ. "ಗಾಲಿ ಕೆಳಗೈತಿ, ಬಗ್ಗಿ ನೋಡು" ಅಂದಳು ಮುದಕವ್ವ. ಈಶಪ್ಪ ಬಗ್ಗಿಯೂ ನೋಡಿದ.

ಹಳಿಯಾಳ ದಾಟಿ, ಕಲಘಟಗಿ ದಾರಿ ಹಿಡಿದು, ಮುಂಡಗೋಡ ಸೇರಿ, ಪಾಳಾ ಮುಟ್ಟುವ ತನಕ ಮುದಕವ್ವನ ಬಾಯಿ ನಿಲ್ಲಲಿಲ್ಲ. ಯಾರ ಹೊಲದಲ್ಲಿ ಗೋವಿನಜೋಳ ಚೆನ್ನಾಗಿದೆ, ಯಾರದು ಕಳೆ ತುಂಬಿದೆ ಎಂದು ಎಲ್ಲರ ಹೊಲಕ್ಕೂ ಒಂದೊಂದು ತೀರ್ಪು ಕೊಟ್ಟಳು. ದುಂಡೇಶ ತಿರುವುಗಳಲ್ಲಿ ಸಾವಕಾಶ ಹೊಡೆದ.

ಪಾಳಾದಲ್ಲಿ ಶಾಂತಾದೇವಿಯ ಮನೆಮುಂದೆ ಜೀಪು ನಿಲ್ಲಿಸಿ ನೋಡುತ್ತಾನೆ, ಕಟ್ಟೆಯೇ ಇಲ್ಲ. ಮೋಟರ್ ಸೈಕಲ್ ನಿಲ್ಲಿಸಲೆಂದು ಕಿತ್ತು ಹಾಕಿ, ನುಣ್ಣನೆಯ ಟೈಲ್ಸ್ ಹಾಕಿ ಇಳಿಜಾರು ಮಾಡಿಬಿಟ್ಟಿದ್ದಾರೆ. ಹೊರಡುವ ಮೊದಲು ಒಂದು ಮಾತು ಕೇಳಬೇಕೆಂಬ ಬುದ್ಧಿ ತನಗೆ ಬರಲಿಲ್ಲವಲ್ಲ ಎಂದು ದುಂಡೇಶ ಹಣೆ ಚಚ್ಚಿಕೊಂಡ. ಈ ಎತ್ತರದಿಂದ ಅವಳನ್ನು ಇಳಿಸುವುದೆಂದರೆ ಮತ್ತೆ ನಾಲ್ಕು ಜನ ಸೇರಿ ಹಿಡಿಯಬೇಕು, ಮತ್ತೆ ಓಣಿಯ ಹುಡುಗರು ನಗಬೇಕು.

"ಅತ್ತಿ, ತಪ್ಪಾತು. ಕಟ್ಟಿ ಇಲ್ಲ ಇಲ್ಲೆ. ನಿನ್ನ ಇಳಸೂದು ಹೆಂಗ?"

ಮುದಕವ್ವ ಅವನ ಮಾತು ಕೇಳಿಸಿಕೊಂಡಳೋ ಇಲ್ಲವೋ. ಬಾಗಿಲಿಗೆ ಬಂದು ನಿಂತ ತಂಗಿಯನ್ನು ನೋಡುತ್ತಿದ್ದಳು. ಶಾಂತಾದೇವಿ ಬಡವಾಗಿದ್ದಳು, ಮುಂದಿನ ಹಲ್ಲೊಂದು ಹೋಗಿತ್ತು, ನಗು ಮಾತ್ರ ಮೊದಲಿನದೇ.

"ಇಳಸು ಅಂತ ಯಾರು ಹೇಳ್ಯಾರ ನಿನಗ?" ಅಂದಳು ಮುದಕವ್ವ. "ನಾ ಇಳಿಯಾಕ ಬಂದಿಲ್ಲ, ಇಕಿನ್ನ ನೋಡಾಕ ಬಂದೇನಿ. ಶಾಂತಾ, ನಿನ್ನ ಮೊಣಕಾಲು ಇನ್ನೂ ಗಟ್ಟಿ ಅದಾವಲ್ಲ. ಹೋಳಿಗಿ ತೊಗೊಂಡು ಹತ್ತು."

ಶಾಂತಾದೇವಿ ಸೀರೆ ಎತ್ತಿಕಟ್ಟಿ, ಜೀಪಿನ ಮೆಟ್ಟಿಲಿಗೊಂದು ಕಾಲು ಕೊಟ್ಟು ಹತ್ತಿಯೇಬಿಟ್ಟಳು. ಜೀಪಿನ ಹಿಂದಿನ ಸೀಟುಗಳು ಎದುರುಬದುರು. ಅಕ್ಕತಂಗಿಯರ ಮೊಣಕಾಲಿಗೆ ಮೊಣಕಾಲು ತಾಗಿದವು, ಹೋಳಿಗೆಯ ತಾಟು ಅವುಗಳ ಮೇಲೆ ಕೂತಿತು. ಒಬ್ಬರ ಗಲ್ಲ ಒಬ್ಬರು ಹಿಡಿದುಕೊಂಡು ಸ್ವಲ್ಪ ಅತ್ತರು, ಆಮೇಲೆ ತುಪ್ಪ ಕಡಿಮೆಯಾಗಿದೆ ಎಂದು ಜಗಳ ತೆಗೆದರು. ಮುಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದ ದುಂಡೇಶನನ್ನು ನೋಡಿ ಮುದಕವ್ವ, "ಹೆಣ್ಮಕ್ಕಳು ಮಾತಾಡೂವಾಗ ನಿನಗೇನು ಕೆಲಸ, ಹೋಗಿ ನೆಳ್ಳಾಗ ಕುಂದ್ರು" ಎಂದು ಓಡಿಸಿದಳು.

ಅವನು ಎದುರು ಮನೆಯ ಬೇವಿನ ನೆರಳಲ್ಲಿ ಕೂತು ಎರಡನೆಯ ಹೋಳಿಗೆ ತಿನ್ನುತ್ತಿರುವಾಗ ದಾಂಡೇಲಿಯಿಂದ ಫೋನು ಬಂತು. ಪುಣೆಯವರು ಬಂದಿದ್ದಾರೆ, ಬಂಡೆ ದಾರಿಗೇ ಹೋಗಬೇಕಂತೆ, ಮಧ್ಯಾಹ್ನಕ್ಕೆ ಜೀಪು ಖಾಲಿ ಇದೆಯೇ ಎಂದು ಕೇಳಿದರು.

ದುಂಡೇಶ ಜೀಪಿನ ಕಡೆ ನೋಡಿದ. ಒಳಗೆ ಎರಡು ಬಿಳಿತಲೆಗಳು ಒಂದಕ್ಕೊಂದು ತಾಗಿಕೊಂಡು ನಗುತ್ತಿದ್ದವು.

"ಇಲ್ರಿ, ತುಂಬೇತಿ" ಅಂದ. "ಸಂಜಿತನಾ ಖಾಲಿ ಆಗೂದಿಲ್ಲ."