ಎಡಭುಜದ ಭಾವ

ಎಡಗಡೆಯ ಅಂಚು ಒಂದು ಬೆರಳು ಇಳಿದಿದೆ, ಇಲ್ಲ, ಇಳಿದಿಲ್ಲ, ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಹಾಗೆ ಕಾಣುತ್ತಿದೆ, ಪರದೆ ನೇರವಾಗೇ ಇದೆ, ಇಷ್ಟು ವರ್ಷ ನೆರಿಗೆ ಹಿಡಿದ ಕೈ ಅಷ್ಟು ಸುಲಭಕ್ಕೆ ತಪ್ಪುತ್ತದೆಯೇ, ತಪ್ಪುವುದಿಲ್ಲ, ಆದರೆ ಈ ಕೈಯೇ ಇವತ್ತು ಯಾಕೋ — ಅವಳು ಪರದೆ ಅಂಗಡಿಯ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು, ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು, ಭುಜದಿಂದ ಮೊಣಕೈವರೆಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ, ಭಾವ ಬಂದಿದ್ದಾನೆ, ಇನ್ನೇನಿಲ್ಲ, ಭಾವನೇ, ಅವನಿಗೆ ಹೊತ್ತುಗೊತ್ತು ಅಂತ ಯಾವತ್ತಿತ್ತು. ಅವಳ ಮನೆಯಲ್ಲಿ ನೋವುಗಳಿಗೆಲ್ಲ ನೆಂಟರ ಹೆಸರು. ಕೀಲುವಾತ ಮೈಗೆ ಬಂದು ಕೂತಾಗ ಮಗಳು ಗುಬ್ಬಿ ಇನ್ನೂ ಹಾಲುಹಲ್ಲು ಬಿದ್ದ ಬಾಯಿಯವಳು, ಅಮ್ಮ ಬೆಳಿಗ್ಗೆ ಏಳಲಾರದೆ ಮುಖ ಕಿವುಚಿದರೆ ಆ ಪುಟ್ಟ ಮುಖವೂ ಕಿವುಚುತ್ತಿತ್ತು, ಅದನ್ನು ನೋಡಲಾರದೆ ಇವಳೇ ಹೂಡಿದ ಆಟ ಅದು — ಮಂಡಿಗೆ ಬರುವವಳು ದೊಡ್ಡತ್ತೆ, ಬೆಳಕು ಹರಿಯುವ ಮೊದಲೇ ಬಂದು ಗೊಣಗುತ್ತಾಳೆ, ಬಿಸಿನೀರು ಸುರಿದರೆ ಸುಮ್ಮನಾಗುತ್ತಾಳೆ, ಬೆರಳುಗಳಲ್ಲಿ ಇರುವವರು ವಾರಗಿತ್ತಿಯರು, ಒಬ್ಬಳು ಎದ್ದರೆ ಎಲ್ಲರೂ ಏಳುತ್ತಾರೆ, ಎಡಭುಜಕ್ಕೆ ಭಾವ, ಹೇಳದೆ ಕೇಳದೆ ಬಂದು ಕೂರುವವನು, ಯಾಕೆ ಬಂದೆ ಅಂತ ಅವನು ಹೇಳುವುದಿಲ್ಲ, ಯಾವಾಗ ಹೋಗ್ತೀಯ ಅಂತ ನಾವು ಕೇಳುವ ಹಾಗಿಲ್ಲ. ಇವತ್ತು ಯಾರು ಬಂದಿದಾರಮ್ಮ, ಅಂತ ಗುಬ್ಬಿ ಹಾಸಿಗೆ ಪಕ್ಕ ನಿಂತು ಕೇಳುವುದು, ವಾರಗಿತ್ತೀರು ಕಣೇ, ಜಡೆಗೆ ಜಡೆ ಹಿಡ್ಕೊಂಡಿದಾರೆ, ಅಂತ ಇವಳು ಹೇಳುವುದು, ಗುಬ್ಬಿ ಕಿಲಕಿಲ ನಕ್ಕು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು. ಈಗ ಗುಬ್ಬಿಯೇ ಒಂದು ಕೋಣೆ ತುಂಬ ಪುಟಾಣಿಗಳಿಗೆ ಟೀಚರು, ಆದರೂ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅದೇ ಕೇಳುತ್ತಾಳೆ, ಇವತ್ತೂ ಕೇಳಿದಳು, ಭಾವ, ಅಂದಳು ಇವಳು, ಅವನಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸು, ಊಟಕ್ಕೆ ನಿಲ್ಲಿಸ್ಕೋಬೇಡ, ಅಂತ ನಗುತ್ತಾ ಹೋದಳು. ಕಾಫಿ ಆಯಿತು, ಮಾತ್ರೆ ಆಯಿತು, ಭಾವ ಮಾತ್ರ ಹೋಗಿ ಹೋಗಿ ಬರುತ್ತಿದ್ದಾನೆ, ಹೋಗಿ ಹೋಗಿ ಬರುವವನಲ್ಲವಲ್ಲ ಅವನು, ಕೂತರೆ ಕೂತವನೇ.

ಅಕ್ಕಾ, ಪರದೆ ಜೊತೆ ಏನು ಮಾತು, ಮುಗಿದಿದ್ರೆ ಕೊಡು, ಆ ಮನೇಲಿ ಮಗು ನಿದ್ದೆ ಮಾಡದೆ ಅವರಮ್ಮ ನನ್ನ ಫೋನಲ್ಲೇ ಅಳ್ತಿದಾರೆ — ಇದು ಡ್ರಿಲ್ಲು, ಅಂಗಡಿಯಲ್ಲಿ ಗೋಡೆ ಕೊರೆದು ರಾಡು ಕೂರಿಸುವವನು, ಆ ಹೆಸರು ಬಂದದ್ದು ಕೈಯಲ್ಲಿರುವ ಯಂತ್ರದಿಂದಲ್ಲ ಬಾಯಿಂದ, ಬಾಯಿ ಮುಚ್ಚೋ ಮಾರಾಯ, ಮಡಿಸ್ತಿದೀನಿ ತಾನೆ, ಅಂದಳು. ದಪ್ಪ ಬಟ್ಟೆ, ಬೆಳಕು ಒಳಗೆ ಬರದ ಹಾಗೆ ಹಿಂದೆ ಲೈನಿಂಗು ಕೊಟ್ಟದ್ದು, ಹೊಸ ಲೈನಿಂಗಿನ ನುಣುಪು ಅಂಗೈಗೆ ಹಿತ, ಹಳೆಯ ಪರದೆಗಳು ರಿಪೇರಿಗೆ ಬಂದಾಗ ಮುಂಭಾಗ ಬಣ್ಣ ಮಾಸದೆ ನಗುತ್ತಿರುತ್ತದೆ, ತಿರುಗಿಸಿದರೆ ಗಾಜಿನ ಕಡೆಯ ಲೈನಿಂಗು ಬಿಸಿಲಿಗೆ ಸುಟ್ಟು ತರಗೆಲೆ, ಮುಟ್ಟಿದರೆ ಪುಡಿಪುಡಿ, ಮನೆಯವರಿಗೆ ಆಶ್ಚರ್ಯ, ಅಯ್ಯೋ ಚೆನ್ನಾಗೇ ಇತ್ತಲ್ಲ — ಕೀಲು ಡಾಕ್ಟರಮ್ಮ ಹೇಳಿದ್ದೂ ಇದೇ ಅಲ್ಲವೇ, ಅವರು ಬೇರೆ ಮಾತಲ್ಲಿ ಹೇಳಿದರು. ನಿಮ್ಮ ಕಾಯಿಲೆ ಕೀಲಿನದು ಅಂದ್ಕೊಂಡಿದೀರಿ, ಕೀಲು ಬರೀ ಕೂಗಾಡೋ ಜಾಗ ಕಣಮ್ಮ, ಉರಿ ಇರೋದು ಮೈಯೆಲ್ಲಾ, ದೇಹ ತನ್ನನ್ನೇ ಶತ್ರು ಅಂತ ತಿಳಿದು ವರ್ಷಗಟ್ಟಲೆ ಕಾದಾಡ್ತಿರುತ್ತೆ, ಕಾದಾಟದಲ್ಲಿ ಕಿಡಿ ಹಾರುತ್ತೆ, ನಾವು ಉಸಿರಾಡೋ ಆಮ್ಲಜನಕದಿಂದಲೇ ಹುಟ್ಟೋ ಕಿಡಿ, ಅಷ್ಟಿಷ್ಟನ್ನ ಮೈ ತಾನೇ ಆರಿಸ್ಕೊಳ್ಳುತ್ತೆ, ಆರೋದಕ್ಕಿಂತ ಹಾರೋದೇ ಹೆಚ್ಚಾದ್ರೆ ರಕ್ತನಾಳದ ಒಳಪದರ ಕೆಡುತ್ತೆ, ಕೆಟ್ಟಲ್ಲಿ ಕೊಬ್ಬು ಕಚ್ಚಿಕೊಳ್ಳುತ್ತೆ, ಹೃದಯದ ದಾರಿ ಕಿರಿದಾಗ್ತಾ ಬರುತ್ತೆ, ಸಕ್ಕರೆ ಕಾಯಿಲೆಯೋರಿಗೆ ಇದೇ ಭಯ, ಕಿಡ್ನಿಯೋರಿಗೆ ಇದೇ ಭಯ, ನಿಮಗೂ ಇದೇ. ಮೆಟ್ಟಿಲು ಹತ್ತಿದಾಗ ಎದೆ ಬಿಗಿಯೋದು, ದವಡೆ ಎಳೆಯೋದು ಇದ್ರೆ ತಡ ಮಾಡ್ಬೇಡಿ, ನಿಮ್ಮಂಥೋರಿಗೆ ನೋವು ರೂಢಿ ಆಗಿಬಿಟ್ಟಿರುತ್ತೆ, ಹೊಸದು ಬಂದ್ರೂ ಹಳೇದೇ ಅಂದ್ಕೋತೀರಿ, ಕೇಳಿಸ್ತಾ? ಹ್ಞೂಂ ಡಾಕ್ಟ್ರೇ, ಅಂದಿದ್ದಳು, ಕಣ್ಣು ಮಾತ್ರ ಅವರ ಬೆನ್ನ ಹಿಂದಿನ ಪರದೆಯ ಮೇಲೆ, ಯಾರು ಹೊಲಿದರೋ ಮಹಾರಾಯರು, ಅಂಚು ಹಾವು ಹರಿದ ಹಾಗೆ. ಕೇಳಿಸಿತ್ತು, ಎಲ್ಲವೂ ಕೇಳಿಸಿತ್ತು, ಮನೆಗೆ ಬಂದು ಮಗಳಿಗೆ ಹೇಳಲಿಲ್ಲ ಅಷ್ಟೇ, ಡಾಕ್ಟರು ಏನಂದ್ರಮ್ಮ, ಅದೇ ಮಾತ್ರೆ ಅಂತೆ ಕಣೇ, ನೆಂಟರನ್ನ ಚೆನ್ನಾಗಿ ನೋಡ್ಕೊಳ್ಳಿ ಅಂದ್ರು.

ಬೀದಿಯಲ್ಲಿ ಡ್ರಿಲ್ಲು ಮುಂದೆ, ಹೆಗಲ ಮೇಲೆ ರಾಡು, ಅವಳು ಹಿಂದೆ, ಪರದೆಯ ಗಂಟನ್ನು ಬಲಗೈಗೆ ಬದಲಿಸಿಕೊಂಡು, ಹಣ್ಣಿನಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದಾರೆ, ಕಾಲು ಜಾರೀತು, ದೊಡ್ಡತ್ತೆ ಇವತ್ತು ಗೊಣಗುತ್ತಿಲ್ಲ ಯಾಕೆ, ಮಧ್ಯಾಹ್ನದ ಹೊತ್ತಿಗೆ ಅವಳು ಯಾವಾಗಲೂ ಸುಮ್ಮನಾಗುತ್ತಾಳೆ, ಓಡಾಡಿದಷ್ಟೂ ಕೀಲು ಸಡಿಲ, ಕೂತರೆ ಬಿಗಿ, ಇದು ಅವಳ ನೆಂಟರೆಲ್ಲರ ಸ್ವಭಾವ, ನಡೆದರೆ ದಾರಿ ಬಿಡುತ್ತಾರೆ, ಹಾಗಾದರೆ ನಡೆಯುತ್ತಿದ್ದೇನಲ್ಲ, ಈ ಭುಜ ಯಾಕೆ ಬಿಗಿಯುತ್ತಿದೆ, ಅಂತ ಒಂದು ಮಾತು ತಲೆಯೆತ್ತಿತು, ಅವಳು ಅದನ್ನು ಹಾಗೇ ಅದುಮಿದಳು, ಗಂಟು ಭಾರ, ಅದಕ್ಕೆ. ಅಮ್ಮನ ಬೆರಳುಗಳೂ ಹೀಗೇ ಸೊಟ್ಟ ಇದ್ದವು. ಅಮ್ಮನ ನೆನಪು ಈಗ ಯಾಕೆ, ಬೇಡ. ಆ ದಿನ ತಾನು ಸ್ಕೂಲಿನಿಂದ ಬಂದಾಗ ಬಾಗಿಲ ಹೊರಗೆ ಒಂದು ಜೊತೆ ಕಪ್ಪು ಶೂ ಇತ್ತು, ಅವರ ಮನೆಯಲ್ಲಿ ಯಾರೂ ಅಂಥ ಶೂ ಹಾಕುವವರಿರಲಿಲ್ಲ, ಬಂದ ನೆಂಟರು ಚಪ್ಪಲಿ ತಿರುಗಿಸಿ ಬಿಡುವುದು ರೂಢಿ, ಹೋಗುವಾಗ ಮೆಟ್ಟಲು ಸುಲಭವೆಂದು, ಈ ಶೂಗಳ ಮುಖ ಮಾತ್ರ ಒಳಕ್ಕೆ, ಒಂದು ಮಗ್ಗುಲಾಗಿ ಬಿದ್ದಿತ್ತು, ಬಿಚ್ಚಿದ ಡಾಕ್ಟರಿಗೆ ಬಗ್ಗಿ ನೋಡುವಷ್ಟು ಪುರುಸೊತ್ತಿರಲಿಲ್ಲ — ಅಮ್ಮ ಬೆಳಿಗ್ಗೆ ಭುಜ ಹಿಡ್ಕೊಂಡಿದೆ ಅಂದಿದ್ದಳು, ಅದೇನು ಹೊಸದೇ, ಅವಳಿಗೆ ದಿನಾ ಒಂದೊಂದು ಹಿಡಿದುಕೊಳ್ಳುತ್ತಿತ್ತು. ಅಕ್ಕಾ ಇಲ್ಲೇ, ಈ ಬಿಲ್ಡಿಂಗೇ, ದರಿದ್ರ, ಲಿಫ್ಟು ಕೆಟ್ಟಿದೆಯಂತೆ ನೋಡು, ನಿನ್ನ ದೊಡ್ಡತ್ತೆಗೆ ಹೇಳಿಬಿಡು ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಂತ. ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು ಅವಳ ನೆಂಟರು.

ಮೆಟ್ಟಿಲು ಹತ್ತುತ್ತಾ ಮೊದಲ ತಿರುವಿನಲ್ಲೇ ಎದೆಯ ಮೇಲೆ ಯಾರೋ ಮಡಿಸಿದ ಕಂಬಳಿ ಇಟ್ಟ ಹಾಗಾಯಿತು, ಇನ್ನೊಂದು, ಮೇಲೆ ಮತ್ತೊಂದು, ಭುಜದ ಹಿಂಡಾಟ ಕತ್ತಿಗೆ ಏರಿ ದವಡೆಯ ಮೂಲೆಗೆ ಬಂದು ನಿಂತಿತು, ಹಲ್ಲುನೋವೇನೋ, ಹೌದು ಹಲ್ಲೇ ಇರಬೇಕು, ಆ ಕಡೆಯ ದವಡೆಹಲ್ಲು ಕಿತ್ತು ಯಾವ ಕಾಲವಾಯಿತು, ಇಲ್ಲದ ಹಲ್ಲು ನೋಯುತ್ತದೆಯೇ. ಅವಳು ಕಂಬಿ ಹಿಡಿದು ನಿಂತಳು. ಮೇಲಿನಿಂದ ಡ್ರಿಲ್ಲಿನ ಕೂಗು, ಅಕ್ಕಾ, ಬೆಳಗಾಗೋದ್ರೊಳಗೆ ಬರ್ತೀಯಾ? ಬಂದೆ ಕಣೋ, ಉಸಿರು ಬೇಡವಾ ಮನುಷ್ಯರಿಗೆ. ನಿಂತಳು, ನಿಂತಷ್ಟಕ್ಕೆ ಕಂಬಳಿಗಳು ಒಂದೊಂದಾಗಿ ಇಳಿದವು, ದವಡೆ ಬಿಟ್ಟಿತು, ಹೋಯಿತು, ನೋಡು ಹೋಯಿತು, ಸುಮ್ಮನೆ ಹೆದರುತ್ತೀ — ಮತ್ತೆ ಹತ್ತಿದಳು, ಮತ್ತೆ ಬಂತು, ಹತ್ತಿದರೆ ಬರುತ್ತದೆ, ನಿಂತರೆ ಹೋಗುತ್ತದೆ, ಇದ್ಯಾವ ಪದ್ಧತಿ, ಅವಳ ಕಡೆಯವರು ಕೂತರೆ ಬರುವವರು, ನಡೆದರೆ ಹೋಗುವವರು, ಇದು ತಿರುಗುಮುರುಗು. ಬೇಡ, ಯೋಚನೆ ಬೇಡ, ನೆಂಟರೂ ಮನುಷ್ಯರೇ, ವಯಸ್ಸಾದಂತೆ ಸ್ವಭಾವ ಬದಲಾಗುತ್ತದೆ. ಬಾಗಿಲು ತೆರೆದ ಹುಡುಗಿಗೆ ಗುಬ್ಬಿಯದೇ ವಯಸ್ಸು, ತಲೆ ಕೆದರಿ, ಹೆಗಲ ಮೇಲೆ ಮಗು, ಬಂದ್ರಾ ಆಂಟಿ, ಪುಣ್ಯಾತ್ಮರು ನೀವು, ಇವನಿಗೆ ಒಂದು ಚೂರು ಬೆಳಕು ಕಂಡ್ರೆ ಸಾಕು, ಹಗಲೆಲ್ಲಾ ಎದ್ದಿರ್ತಾನೆ, ಅಂದಳು, ಮಗು ಇವಳನ್ನೇ ಕಣ್ಣು ಮಿಟುಕಿಸದೆ ನೋಡಿತು. ನೀರು ಕುಡೀತೀರಾ, ನಿಮ್ಮ ಮುಖ ಬೆಳ್ಳಗಾಗಿದೆ. ಮೆಟ್ಟಿಲಲ್ವಾ ಮಗಾ, ವಯಸ್ಸು.

ಡ್ರಿಲ್ಲು ಕೊರೆದು ರಾಡು ಕೂರಿಸಿದ, ಗೋಡೆಯ ಬಿಳಿ ಪುಡಿ ಸುರಿಯಿತು, ಅವಳು ಸ್ಟೂಲಿನ ಮೇಲೆ ಹತ್ತಿ ಕೊಕ್ಕೆಗಳನ್ನು ಒಂದೊಂದಾಗಿ ಸಿಕ್ಕಿಸತೊಡಗಿದಳು, ಇದು ಅವಳದೇ ಕೆಲಸ, ನೆರಿಗೆ ಬೀಳುವುದು ನೇತುಹಾಕುವ ಕೈಯಲ್ಲಿ, ಬಲಗೈ ಮುಗಿಸಿತು, ಎಡ ತುದಿಗೆ ಎಡಗೈ ಎತ್ತಬೇಕು, ಭಾವ ಬಂದ ದಿನ ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ತಲೆ ಬಾಚಲೂ ಗುಬ್ಬಿ ಬೇಕು, ಅಯ್ಯೋ ಅಮ್ಮಾ ಅನ್ನಲು ಬಾಯಿ ಸಿದ್ಧಮಾಡಿಕೊಂಡೇ ಕೈ ಎತ್ತಿದಳು. ಕೈ ಎದ್ದಿತು. ಎಣ್ಣೆ ಹಾಕಿದ ಬಾಗಿಲಿನ ಹಾಗೆ, ಭುಜ ದಾಟಿ, ಕಿವಿ ದಾಟಿ, ರಾಡಿನವರೆಗೆ, ಒಂದಿಷ್ಟೂ ಕಿರುಗುಟ್ಟಲಿಲ್ಲ, ತಿರುಗಿಸಿದಳು, ತಿರುಗಿತು, ಇಳಿಸಿ ಮತ್ತೆ ಎತ್ತಿದಳು, ಎದ್ದಿತು, ಭುಜದಲ್ಲಿ ಯಾರೂ ಇಲ್ಲ. ಭುಜ ಖಾಲಿ. ಭಾವ ಇವತ್ತು ಬಂದೇ ಇಲ್ಲ. ಬೆಳಿಗ್ಗೆ ಬಂದಿಲ್ಲ, ನಿನ್ನೆ ಸಂತೆಚೀಲ ಹಿಡಿದು ನಡೆಯುತ್ತಾ ಭುಜ ಹಿಂಡಿ ನಿಂತಾಗಲೂ ಬಂದಿರಲಿಲ್ಲ, ಹಾಗಾದರೆ ಇಷ್ಟು ಹೊತ್ತು ಅವನ ಹೆಸರಿನಲ್ಲಿ ಕೂತಿದ್ದು — ಸ್ಟೂಲು ಅಲುಗಿತು, ಅಥವಾ ಕೋಣೆ. ಕಪ್ಪು ಶೂ, ಲೇಸು ಬಿಚ್ಚದೆ ಕಾಲಿಂದ ಕಿತ್ತದ್ದು. ಉಳಿದ ಕೊಕ್ಕೆ ಸಿಕ್ಕಿಸಿದಳು, ಯಾಕೆ ಸಿಕ್ಕಿಸಿದಳೋ, ಅರ್ಧಕ್ಕೆ ಬಿಟ್ಟರೆ ಬೆಳಕು ಬರುತ್ತದೆ, ಮಗು ಮಲಗುವುದಿಲ್ಲ, ಪರದೆ ಎಳೆದಳು, ಕೋಣೆ ಕತ್ತಲಾಯಿತು, ಆಹಾ ಎಂದಳು ಹುಡುಗಿ, ಕತ್ತಲಲ್ಲಿ ಬೆವರು ಬೆನ್ನ ಮೇಲೆ ತಣ್ಣಗೆ ಹರಿಯಿತು.

ಇಳಿಯುವಾಗ ಬರಬಾರದು, ಇಳಿಯುವುದು ಸುಲಭ, ಎರಡನೆಯ ತಿರುವಿನವರೆಗೆ ಬರಲಿಲ್ಲ, ಆಮೇಲೆ ಬಂತು, ಈ ಸಲ ನಿಂತರೂ ಹೋಗಲಿಲ್ಲ, ಅವಳು ಮೆಟ್ಟಿಲ ಮೇಲೆ ಕೂತಳು, ಕೂತರೂ ಹೋಗಲಿಲ್ಲ. ಏನಕ್ಕಾ, ಯಾರು ಬಂದ್ರು ಈಗ, ಅಂತ ಡ್ರಿಲ್ಲು ತಿರುಗಿ ನಕ್ಕ, ಆಮೇಲೆ ನಗು ಅಲ್ಲೇ ನಿಂತಿತು, ಅಕ್ಕಾ, ನಿನ್ನ ಹಣೆ ನೋಡು, ನೀರು ಸುರಿದಿದೆ. ಒಂದು ನಿಮಿಷ ಇರೋ. ಫೋನು, ಮಗಳ ಹೆಸರು, ಒತ್ತುವ ಮೊದಲೇ ಬೆರಳು ನಿಂತಿತು, ಮನೆಯಲ್ಲಿ ಗುಬ್ಬಿಯ ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ್ದಾರೆ, ಎಬ್ಬಿಸಿದರೆ ಗಾಬರಿ, ಗುಬ್ಬಿಗೆ ಮಕ್ಕಳು, ಮಕ್ಕಳನ್ನು ಬಿಟ್ಟು ಓಡಿ ಬರುತ್ತಾಳೆ, ಬಂದು ನೋಡಿದರೆ ಬರೀ ವಾಯು ಆಗಿದ್ದರೆ, ಅಂಗಡಿಯಲ್ಲಿ ಡ್ರಿಲ್ಲು ಇದನ್ನೇ ಒಂದು ವಾರ ಕೊರೆಯುತ್ತಾನೆ, ಆಗಲಿ ಕೊರೆಯಲಿ, ಅಷ್ಟಾದರೆ ಸಾಕು, ದೇವರೇ ವಾಯುವೇ ಆಗಿರಲಿ — ಒತ್ತಿದಳು, ಹಲೋ, ಅಮ್ಮಾ, ಹಿಂದೆ ಮಕ್ಕಳ ಗದ್ದಲ, ಯಾರೋ ಯಾರದೋ ಬಣ್ಣದ ಪೆನ್ಸಿಲ್ಲು ಕಸಿದುಕೊಂಡು ಅಳು, ಶ್, ಅವನಿಗೆ ಕೊಡು, ಹಂಚ್ಕೋಬೇಕು ಅಂತ ಹೇಳಿಲ್ವಾ, ಹೇಳಮ್ಮ, ಏನು ಈ ಹೊತ್ತಲ್ಲಿ, ಭಾವ ಇನ್ನೂ ಹೋಗಿಲ್ವಾ? ಹ್ಞೂಂ ಅಂದರೆ ಆಯಿತು. ಒಂದು ಹ್ಞೂಂ. ಗುಬ್ಬಿ ನಗುತ್ತಾಳೆ, ಪೆನ್ಸಿಲ್ಲು ಕಸಿದ ಮಗುವಿನ ಕಡೆ ತಿರುಗುತ್ತಾಳೆ, ಹಲ್ಲು ಬಿದ್ದ ಬಾಯಿಯ ಆ ಹುಡುಗಿ ಹೆದರದಿರಲಿ ಅಂತ ಇಷ್ಟು ವರ್ಷ ಕಟ್ಟಿ ನಿಲ್ಲಿಸಿದ್ದೆಲ್ಲ ಹಾಗೇ ನಿಂತಿರುತ್ತದೆ, ಅತ್ತೆ, ವಾರಗಿತ್ತಿಯರು, ಭಾವ, ಎಲ್ಲರೂ. ಅಮ್ಮನೂ ಅಷ್ಟೇ ತಾನೆ ಅಂದದ್ದು, ಭುಜ ಹಿಡ್ಕೊಂಡಿದೆ, ಅಂದು ಕತ್ತಲಾಗುವ ಹೊತ್ತಿಗೆ ಅಮ್ಮನೇ ಇರಲಿಲ್ಲ. ಅಮ್ಮಾ? ಗುಬ್ಬೀ, ಅಂದಳು, ದವಡೆ ಆಡುತ್ತಿಲ್ಲ, ಗುಬ್ಬೀ, ಇದು ಭಾವ ಅಲ್ಲ ಕಣೇ. ಮತ್ಯಾರು? ನಮ್ಮೋರು ಯಾರೂ ಅಲ್ಲ. ಎದೆ ಕಣೇ. ಎದೆ. ಆ ಕಡೆ ಮಕ್ಕಳ ಗದ್ದಲ ಹಾಗೇ ಇತ್ತು, ಅದರ ನಡುವೆ ಗುಬ್ಬಿಯ ದನಿ, ಇವಳು ಎಂದೂ ಕೇಳಿರದ ದನಿ, ನಿಧಾನ, ಗಟ್ಟಿ, ಎಲ್ಲಿದೀಯಾ, ಅಲ್ಲಾಡ್ಬೇಡ, ಒಂದು ಮೆಟ್ಟಿಲೂ ಇಳೀಬೇಡ, ಡ್ರಿಲ್ಲಣ್ಣನಿಗೆ ಫೋನ್ ಕೊಡು. ಡ್ರಿಲ್ಲು ಕೇಳಿಸಿಕೊಂಡ, ಹೂಂ, ಹೂಂ, ಆಂಬುಲೆನ್ಸು, ಹೂಂ, ಅಷ್ಟೇ, ಚೀಲ ಅಲ್ಲೇ ಬಿಟ್ಟು ಕೆಳಗೆ ಓಡಿದ, ಮೇಲಿನಿಂದ ಆ ಹುಡುಗಿ ಬರಿಗಾಲಲ್ಲಿ ಇಳಿದು ಬಂದು ಇವಳ ಬೆನ್ನಿಗೆ ಕೈ ಕೊಟ್ಟು ಕೂತಳು, ಆಂಟಿ, ನನ್ನ ಕಡೆ ನೋಡಿ, ನನ್ನ ಕಡೆ. ಮಗು ಮಲಗಿತೇ ಎಂದು ಕೇಳಬೇಕು. ಎದುರಿನ ಮನೆಯ ಬಾಗಿಲಲ್ಲಿ ಚಪ್ಪಲಿಗಳು, ದೊಡ್ಡವು, ಚಿಕ್ಕವು, ಎಲ್ಲವೂ ಹೊರಗೆ ಮುಖ ಮಾಡಿ ಶಿಸ್ತಾಗಿ, ಅವಳು ಒಂದೊಂದನ್ನೇ ನೋಡಿದಳು, ಕಪ್ಪು ಇಲ್ಲ, ಲೇಸಿನದಿಲ್ಲ, ಇಲ್ಲ, ಕೆಳಗೆ ಯಾರೋ, ಆಂಬುಲೆನ್ಸಿನವರಿರಬೇಕು, ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಾರೆ, ಗಟ್ಟಿ ಹೆಜ್ಜೆ, ಹತ್ತಿರ, ಇನ್ನೂ ಹತ್ತಿರ — ಕಪ್ಪು ಶೂ, ಮುಖ ಒಳಕ್ಕೆ, ಒಂದು ಮಗ್ಗುಲಾಗಿ, ಮುಖ ಒಳಕ್ಕೆ, ಕಪ್ಪು ಶೂ