ತಲೆಯ ಮೇಲಿನ ಸೆರಗು, ಬೆನ್ನ ಹಿಂದಿನ ಬೆಲ್ಟು

ಹತ್ತಿಯ ಕಾಲ ಬಂತೆಂದರೆ ದಾವಣಗೆರೆಯ ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಹೆಂಗಸರಿಗೆ ಕೈತುಂಬ ಕೆಲಸ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರದ ಬಾಯಿಗೆ ಬೆಳಗಿನಿಂದ ಸಂಜೆಯ ತನಕ ಹತ್ತಿ ಉಣಿಸುತ್ತಿರಬೇಕು. ಕಣ್ಣು ಯಂತ್ರದ ಮೇಲೆ. ಬೆನ್ನ ಹಿಂದೆ, ಒಂದೇ ಮೊಳ ದೂರದಲ್ಲಿ, ಸರ್ರನೆ ತಿರುಗುವ ಚರ್ಮದ ಬೆಲ್ಟು. ಇಂಥ ಕಡೆ ದಿನವಿಡೀ ನಿಂತು, ಮನೆಗೆ ಹೋಗಿ ಮತ್ತೆ ರೊಟ್ಟಿ ತಟ್ಟುವ ಆ ಹೆಣ್ಣುಮಕ್ಕಳಿಗೆ ಯಾರಾದರೂ ಕೈಮುಗಿಯಬೇಕು. ಅವರಲ್ಲಿ ಅನ್ನಪೂರ್ಣಮ್ಮನೂ ಒಬ್ಬಳು. ಇಪ್ಪತ್ತರ ಹರೆಯ. ಮನೆಯಲ್ಲಿ ವರ್ಷದ ಮಗಳು, ಆ ಮಗಳನ್ನು ನೋಡಿಕೊಳ್ಳಲು ಅತ್ತೆ ಕಸ್ತೂರಮ್ಮ.

ಪಕ್ಕದ ಯಂತ್ರ ಹಜೀರಾಬೀಯದು. ಹತ್ತು ವರ್ಷದಿಂದ ಅವಳಿಗೆ ಅದೇ ಜಾಗ. ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿ, ತಲೆಗೊಂದು ಚಿಕ್ಕ ಬಟ್ಟೆ ಗಂಟು ಹಾಕಿಕೊಂಡ ಮೇಲೆಯೇ ಅವಳು ಕೆಲಸಕ್ಕೆ ನಿಲ್ಲುವುದು.

"ತಂಗಿ, ಸೆರಗು ಸಿಗ್ಸಿಕೊಳ್ಳೇ," ಎಂದು ದಿನವೂ ಹೇಳುವಳು.

"ಸಿಗ್ಸಿಕೊಂಡೀನಲ್ಲಕ್ಕ."

"ಸಿಗ್ಸಿಕೊಂಡೀಯ. ಯಾರಾದ್ರೂ ದೊಡ್ಡೋರು ಬಂದ ಕೂಡ್ಲೆ ಬಿಚ್ಚಿ ತಲಿ ಮ್ಯಾಲೆ ಹೊದ್ಕೊಂತೀಯ. ದೊಡ್ಡೋರು ಯಾರು, ಸಣ್ಣೋರು ಯಾರು ಅಂತ ಬೆಲ್ಟಿಗೆ ಗೊತ್ತೈತೇನು?"

ಅನ್ನಪೂರ್ಣಮ್ಮ ನಕ್ಕುಬಿಡುವಳು. ಎಷ್ಟೋ ಸಲ ಹಾಗೆ ಬಿಚ್ಚಿ ಹೊದ್ದಿದ್ದಳು, ಒಂದು ಸಲವೂ ಏನೂ ಆಗಿರಲಿಲ್ಲ. ಒಮ್ಮೆ ಮಾತ್ರ ಸೆರಗಿನ ಅಂಚಿಗೆ ಬೆಲ್ಟಿನ ಕಪ್ಪು ಜಿಡ್ಡು ಮೆತ್ತಿತ್ತು. ಅದನ್ನು ಉಜ್ಜಿ ಒಗೆದಳೇ ಹೊರತು ಯಾರಿಗೂ ಹೇಳಲಿಲ್ಲ. ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ?

ಒಂದು ಬುಧವಾರ ಮಧ್ಯಾಹ್ನ ಹರಿಹರದ ಕಡೆಯ ಭಾನುವಳ್ಳಿಯಿಂದ ಹತ್ತಿ ಬಂಡಿ ಬಂತು. ಬಂಡಿಯ ಜೊತೆ ಬಂದವರು ವಾಮದೇವಪ್ಪ, ಅನ್ನಪೂರ್ಣಮ್ಮನ ಮಾವನಿಗೆ ಸ್ವಂತ ಅಣ್ಣ. ಹೇಗೂ ಬಂದಿದ್ದೇನೆ, ಸೊಸೆಯನ್ನು ಮಾತಾಡಿಸಿಕೊಂಡು ಹೋಗೋಣವೆಂದು ಒಳಗೆ ಕಾಲಿಟ್ಟರು.

ಅವರು ಕಣ್ಣಿಗೆ ಬಿದ್ದದ್ದೇ ತಡ, ಅನ್ನಪೂರ್ಣಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸೆರಗನ್ನು ಸೆಳೆದಳು, ಬೀಸಿ ತಲೆಯ ಮೇಲೆ ಹಾಕಿಕೊಂಡಳು. ಬೀಸಿದ ತುದಿ ಹಿಂದಿನ ಬೆಲ್ಟಿಗೆ ಸಿಕ್ಕಿತು. ಸೆರಗು ಕತ್ತಿಗೆ ಬಿಗಿಯಿತು, ಕಾಲು ನೆಲ ಬಿಟ್ಟಿತು. ಕೂಗಿದಳು, ಆದರೆ ಯಂತ್ರಗಳ ಗದ್ದಲದಲ್ಲಿ ಕೂಗು ಯಾರಿಗೆ ಕೇಳಬೇಕು?

ವಾಮದೇವಪ್ಪ ಇನ್ನೂ ಬಾಗಿಲ ಬಳಿ. ಹತ್ತಿರವಿದ್ದು ಕಂಡವಳು ಹಜೀರಾಬೀ ಒಬ್ಬಳೇ. ಕೈಲಿದ್ದ ಹತ್ತಿ ತುಂಬಿದ ಪುಟ್ಟಿ ಬಿಸಾಕಿ ಹಾರಿ ಬಂದಳು. ಒಂದು ಕೈಯಲ್ಲಿ ಅವಳ ಸೊಂಟ ತಬ್ಬಿ ಹಿಡಿದು, ಕಾಲನ್ನು ಕಂಬಕ್ಕೆ ಒತ್ತಿ, ಇನ್ನೊಂದು ಕೈಯಿಂದ ಕತ್ತಿನ ಸೆರಗನ್ನು ಕಿತ್ತಳು. ಹಳೆಯ ನೂಲಿನ ಸೀರೆ ಪರ್ರೆಂದು ಹರಿಯಿತು. ಇಬ್ಬರೂ ಹತ್ತಿಯ ರಾಶಿಯ ಮೇಲೆ ಬಿದ್ದರು. ಹರಿದ ಸೆರಗು ಬೆಲ್ಟಿನ ಚಕ್ರಕ್ಕೆ ಸುತ್ತಿಕೊಂಡು ಚಿಂದಿಯಾಯಿತು. ಎಂಜಿನ್ ನೋಡಿಕೊಳ್ಳುವ ಖಾಜಾ ಹುಸೇನ್ ಓಡಿ ಹೋಗಿ ಯಂತ್ರ ನಿಲ್ಲಿಸಿದ. ಅವನು ನಿಲ್ಲಿಸುವವರೆಗೆ ಹಜೀರಾಬೀ ಕಾದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಅವಳ ಅಂಗೈ ಸಿಗಿದು ರಕ್ತ ಬರುತ್ತಿತ್ತು. ಎಂಥ ಹೆಣ್ಣು!

ಅನ್ನಪೂರ್ಣಮ್ಮ ಕೆಮ್ಮುತ್ತ ಎದ್ದು ಕುಳಿತಳು. ಎದ್ದವಳೇ ಮೊದಲು ಆಡಿದ ಮಾತು, "ದೊಡ್ಡ ಮಾವಾರೇ, ಯಾವಾಗ ಬಂದ್ರಿ?"

ವಾಮದೇವಪ್ಪನವರು ಅವಳಿಗೆ ನೀರು ತರಲು ಹೊರಗೆ ಓಡಿದರು.

ಹಜೀರಾಬೀ, ವಾಮದೇವಪ್ಪ ಇಬ್ಬರೂ ಸೇರಿ ಅವಳನ್ನು ಮನೆಗೆ ಕರೆತಂದರು. ಕಸ್ತೂರಮ್ಮ ಸೊಸೆಯ ಕತ್ತಿನ ಕೆಂಪು ಬರೆ ನೋಡಿ ಅತ್ತಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಯಾರ ಕಣ್ಣು ಬಿತ್ತೋ ನನ್ನ ಸೊಸಿ ಮ್ಯಾಲೆ!"

"ಕಣ್ಣಲ್ಲ ಕಸ್ತೂರಮ್ಮಾರೇ, ಸೆರಗು," ಎಂದಳು ಹಜೀರಾಬೀ. "ಕೆಲಸದಾಗ ಅದನ್ನ ಬಿಚ್ಚಬ್ಯಾಡ ಅಂತ ನೀವಾದ್ರೂ ಹೇಳ್ರಿ."

ಕಸ್ತೂರಮ್ಮನ ಅಳು ನಿಂತಿತು. "ನಮ್ಮ ಮನಿ ದೀಪ ಉಳಿಸ್ದೆವ್ವ ನೀನು, ಇಲ್ಲ ಅನ್ನಲ್ಲ. ಆದ್ರೆ ದೊಡ್ಡೋರ ಮುಂದೆ ಸೊಂಟ ಕಟ್ಕೊಂಡು, ಬರೀ ತಲೀಲಿ ಹೆಂಗೆ ನಿಲ್ಲೋದು? ನಾಳೆ ಭಾನುವಳ್ಳಿ ಮಂದಿ ಏನಂತಾರೆ?"

"ಬರೀ ತಲಿ ಯಾಕ? ನಾನೂ ಮುಚ್ಕೊಂಡೀನಿ ನೋಡ್ರಿ." ಹಜೀರಾಬೀ ತನ್ನ ತಲೆಯ ಬಟ್ಟೆ ಮುಟ್ಟಿ ತೋರಿಸಿದಳು. "ಒಂದು ತುಂಡು ಬಟ್ಟಿ, ಹಿಂದಕ್ಕೊಂದು ಗಂಟು. ತುದಿ ಒಳಗೆ ಸೇರಿಸಿದ್ರಾತು, ಬೆಲ್ಟಿಗೆ ಸಿಗೋದಿಲ್ಲ."

"ಅದು ನಿಮ್ಮಲ್ಲಿ ನಡೀತೈತೆ. ನಮ್ಮ ಬಾವಾರು ಒಪ್ಪಬೇಕಲ್ಲ," ಎಂದು ಕಸ್ತೂರಮ್ಮ ತಗ್ಗಿದ ದನಿಯಲ್ಲಿ ಹೇಳಿ ಜಗಲಿಯ ಕಡೆ ನೋಡಿದಳು.

ಜಗಲಿಯ ಮೇಲೆ ಕುಳಿತಿದ್ದ ವಾಮದೇವಪ್ಪನವರಿಗೆ ಅದು ಕೇಳಿಸಿತು. "ಕಸ್ತೂರಮ್ಮ," ಎಂದರು, "ಇವತ್ತು ಆ ಹುಡುಗಿ ಸಾಯೋಳಿದ್ಲು. ನನಗೆ ಮರ್ಯಾದಿ ಕೊಡಾಕ ಹೋಗಿ ಸಾಯೋಳಿದ್ಲು. ಅವಳ ಮಗೂಗೆ ನಾನು ಏನಂತ ಹೇಳ್ಬೇಕಿತ್ತು? ನನಗೆ ಬ್ಯಾಡ ಅಂಥ ಮರ್ಯಾದಿ." ಆಮೇಲೆ ಬಾಗಿಲ ಬಳಿಯಿದ್ದ ಸೊಸೆಯ ಕಡೆ ತಿರುಗಿದರು. "ತಾಯಿ, ಇನ್ನು ಮ್ಯಾಲೆ ಯಂತ್ರದ ಹತ್ರ ನಾನಲ್ಲ, ಯಾವ ದೊರೆ ಬಂದ್ರೂ ಸೆರಗು ಮುಟ್ಟಬ್ಯಾಡ."

ಅಳದೆ ಗಟ್ಟಿಯಾಗಿ ಕುಳಿತಿದ್ದ ಅನ್ನಪೂರ್ಣಮ್ಮ ಆಗ ಬಿಕ್ಕಿ ಬಿಕ್ಕಿ ಅತ್ತಳು. ಕಸ್ತೂರಮ್ಮ ಹರಿದ ಸೀರೆಯಲ್ಲಿ ತಲೆಗೆ ಕಟ್ಟುವಷ್ಟು ಒಂದು ತುಂಡು ಕತ್ತರಿಸಿ, ಅಂಚು ಹೊಲಿಯಲು ಸೂಜಿಗೆ ದಾರ ಪೋಣಿಸಿದಳು.

ಮರುದಿನವೇ ಹೆಂಗಸರೆಲ್ಲ ಒಂದಾಗಿ ಮೇಸ್ತ್ರಿಯ ಮುಂದೆ ನಿಂತರು. ಬೆಲ್ಟಿಗೆ ಅಡ್ಡವಾಗಿ ಹಲಗೆ ಬಡಿಸಿದ ಮೇಲೆಯೇ ಕೆಲಸಕ್ಕೆ ಕೈ ಹಚ್ಚಿದ್ದು.

ಹದಿನೈದು ದಿನಕ್ಕೆ ಭಾನುವಳ್ಳಿಯ ಇನ್ನೊಂದು ಬಂಡಿ ಬಂತು. ವಾಮದೇವಪ್ಪ ಬಾಗಿಲಲ್ಲಿ ನಿಂತರು. ಅನ್ನಪೂರ್ಣಮ್ಮನ ಕೈ ರೂಢಿಯಂತೆ ಸೊಂಟದವರೆಗೆ ಹೋಗಿ, ಅಲ್ಲೇ ನಿಂತಿತು. ತಲೆ ಬಾಗಿಸಿದಳು, ಅಷ್ಟೇ. ಹಿರಿಯರು ತಮ್ಮ ಹೆಗಲ ಮೇಲೆ ಇಳಿಬಿದ್ದಿದ್ದ ವಲ್ಲಿಯನ್ನು ತೆಗೆದು ನಡುವಿಗೆ ಬಿಗಿದುಕೊಂಡು ಒಳಗೆ ಬಂದರು.

ಅಕ್ಕತಂಗಿಯರೇ, ಯಂತ್ರದ ಬಳಿ ಸೆರಗು, ಜಡೆ, ತೋಳು ಎಲ್ಲ ಬಿಗಿಯಾಗಿರಲಿ. ನಿನ್ನೆ ಏನೂ ಆಗಲಿಲ್ಲವೆಂದು ಇವತ್ತು ಸಡಿಲ ಬಿಡಬೇಡಿ. ಹಿರಿಯರೇ, ನಿಮಗೆ ಇನ್ನೊಂದು ಮಾತು. ನಾಳೆ ನಿಮ್ಮ ಸೊಸೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಾಗ, ನನ್ನನ್ನು ಕಂಡರೂ ಸೆರಗು ಬಿಚ್ಚಬೇಡವೆಂದು ನೀವೇ ಹೇಳಿ ಕಳುಹಿಸಿ. ಅವಳಾಗಿ ನಿಮ್ಮನ್ನು ಅದನ್ನು ಕೇಳಲಾರಳು.